ದಿಮ್ಮಿ ಎಣಿಸುವ ಪ್ರಾಜೆಕ್ಟ್

ಕಿರವತ್ತಿ
ಮಾರ್ಚ್ ೧೮

ಸದಾನಂದ ಸರ್ ಅವರಿಗೆ,

ನಮಸ್ಕಾರ. ನಾನು ನಿಮ್ಮ ಹಳೇ ವಿದ್ಯಾರ್ಥಿನಿ ದಿವ್ಯಾ. ಲಾರಿಯ ಫೋಟೊ ನೋಡಿ ಕಂಪ್ಯೂಟರೇ ಮರದ ದಿಮ್ಮಿ ಎಣಿಸುವ ಪ್ರಾಜೆಕ್ಟ್ ಬರೆದು ನಿಮಗೆ ತೋರಿಸಿದ್ದೆ. “ಎಂತ ಹುಚ್ಚೇ ನಿಂಗೆ? ಇದನ್ನ ಯಾರೂ ತಗಳೂದಿಲ್ಲ” ಅಂದಿರಿ. ಅದನ್ನೇ ಒಂದು ಮುಕ್ತ ತಂತ್ರಾಂಶದ ತಂಡಕ್ಕೆ ನಿಮ್ಮ ಮಗಳು ಗಗನಾಳ ಹೆಸರಲ್ಲಿ ಕಳಿಸಿ, ಅವಳಿಗೆ ಇಂಟರ್ನ್‌ಶಿಪ್ ಕೊಡಿಸಿದಿರಿ. ತಂಡದ ಜಾಲತಾಣದಲ್ಲಿ ನಾನೇ ತೆಗೆದ ಫೋಟೊಗಳಿವೆ. ಅವುಗಳಲ್ಲಿ, ಇಲ್ಲಿಯ ಮರದ ಡಿಪೋದಲ್ಲಿ ದಿಮ್ಮಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕುತ್ತಿರುವವರು ನನ್ನಪ್ಪ.

ಮೊನ್ನೆ ಗಗನಾಗೆ ಫೋನ್ ಮಾಡಿದೆ. “ಅಪ್ಪನದೇ ಐಡಿಯಾ ಅಂದ್ಕಂಡಿದ್ದೆ” ಅಂತ ಅತ್ತಳು. ನಿನ್ನೆ ತಂಡಕ್ಕೆ ನಿಜ ಬರೆದು, ಇಂಟರ್ನ್‌ಶಿಪ್ ಬಿಟ್ಟಳು. ನಿಮಗೆ ಇನ್ನೂ ಹೇಳಿರಲಿಕ್ಕಿಲ್ಲ. ನನ್ನಿಂದಲೇ ತಿಳಿಯಲಿ ಅಂತ ಈ ಇಮೇಲ್ ಬರೆಯುತ್ತಿದ್ದೇನೆ.

ನಾಳೆ ಕಾಲೇಜಿಗೆ ದೂರು ಕೊಡುತ್ತೇನೆ. ಅದರಲ್ಲಿ ನಿಮ್ಮ ಇನಿಷಿಯಲ್ ಎಂ. ಜಿ. ಅಂತ ಹಾಕಿದ್ದೇನೆ. ತಪ್ಪಿದ್ದರೆ ಇವತ್ತೇ ತಿಳಿಸಿ.

ಇತಿ,
ದಿವ್ಯಾ