ಉಸಿರು ಅಳೆಯುವ ಕೋಣೆ

ರೂರ್ಮೊಂಡ್,
ಜೂನ್ 9

ಪ್ರೀತಿಯ ಫೀಕೆ,

ಅಪ್ಪನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈಸಿಕೊಳ್ಳಲು ತಯಾರಾಗಿಯೇ ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದು ಎರಡು ಸಲ ಬರ್ಗೆನ್‌ಗೆ ಕರೆ ಮಾಡಿ, ಎರಡು ಸಲವೂ ಅಲ್ಲಿ ಚಳಿ ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ. ಅಮ್ಮನಿಗೆ ಹುಷಾರಿಲ್ಲ, ಮಗಳೇ. ಮುಂದಿನ ಮಂಗಳವಾರ ಆಪರೇಷನ್.

ನಾನು ಮೂರು ವರ್ಷ ಕೂತು ಕಟ್ಟಿದ ಹೊಸ ಕೋಣೆ ನಿನಗೆ ಗೊತ್ತಲ್ಲ. ಒಂದು ಮಂಚ, ಒಂದು ಕುರ್ಚಿ, ಊಟ ಒಳಗಿಡಲು ಒಂದು ಗೂಡು. ಬಾಗಿಲು ಹಾಕಿದರೆ ಅಳತೆಗೆ ಸಿಗದೆ ಗಾಳಿ ಹೊರಬೀಳುವುದಿಲ್ಲ. ಒಳಗಿರುವವರ ಉಸಿರಿನಿಂದಲೇ ಅವರ ಮೈ ಎಷ್ಟು ಶಕ್ತಿ ಸುಡುತ್ತಿದೆ ಎಂದು ಅದು ಹೇಳುತ್ತದೆ. ದಪ್ಪಗಿರುವವರ ಮೈ ತಿಂದದ್ದನ್ನು ಏನು ಮಾಡುತ್ತದೆ ಎಂದು ತಿಳಿಯಲು ಕಟ್ಟಿದ್ದು. ಹೊಸ ಕೋಣೆಯಲ್ಲಿ ಮೊದಲು ಮನೆಯವರನ್ನೇ ಕೂರಿಸಿ ನೋಡುವುದು ನಮ್ಮ ಪ್ರಯೋಗಾಲಯದಲ್ಲಿ ರೂಢಿ. ಅಮ್ಮ ತಾನಾಗಿಯೇ ಮುಂದೆ ಬಂದಳು. "ನಿಮಗೆ ದಪ್ಪನೆಯವರು ಬೇಕು ತಾನೆ? ನಾನಿಲ್ವೇನೋ! ಒಂದು ದಿನ ಅಡುಗೆ ತಪ್ಪುತ್ತೆ" ಎಂದಳು.

ಡಿಸೆಂಬರಿನಲ್ಲಿ ಮೊದಲ ಸಲ ಕೂತಳು. ಹಿಂದಿನ ಸಂಜೆಯಿಂದ ಮನೆಯಲ್ಲಿ ಏನೂ ತಿನ್ನದೆ, ಬೆಳಿಗ್ಗೆ ಬಂದು ಒಳಗೆ ಅಲ್ಲಾಡದೆ ಮಲಗಿರಬೇಕು. ಆಗ ಅವಳ ಅಂಕಿ ಇರಬೇಕಾದದ್ದಕ್ಕಿಂತ ಐದನೇ ಒಂದು ಪಾಲು ಹೆಚ್ಚು ಬಂತು. ಎಲ್ಲೋ ಸೋರುತ್ತಿದೆ ಎಂದು ಬಾಗಿಲಿನ ರಬ್ಬರು ಬದಲಿಸಿದೆ. ಜನವರಿಯಲ್ಲಿ ಇನ್ನೂ ಹೆಚ್ಚಾಯಿತು. ಕೊನೆಗೆ ಖಾಲಿ ಕೋಣೆಯಲ್ಲಿ ತೂಕ ಮಾಡಿದ ಸ್ಪಿರಿಟ್ ಉರಿಸಿ ಪರೀಕ್ಷಿಸಿದೆವು. ಕೋಣೆಯ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ.

ನಮ್ಮ ಮುಖ್ಯಸ್ಥ ರುಲೋಫ್ ನಕ್ಕುಬಿಟ್ಟ. "ಲ್ಯಾಂಬರ್ಟ್, ನಿನ್ನ ಕೋಣೆ ಸರಿಯಾಗಿದೆ ಮಾರಾಯ. ನಿನ್ನ ಹೆಂಡತಿ ಕೇಕ್ ತಿಂದು ಬಂದಿದಾಳೆ, ಅಷ್ಟೆ. ಹೊಟ್ಟೇಲಿ ಊಟ ಇದ್ರೆ ಅಂಕಿ ಏರೇ ಏರುತ್ತೆ. ಇವರೆಲ್ಲ ಹೀಗೇ."

"ಇವರೆಲ್ಲ" ಎಂದರೆ ದಪ್ಪಗಿರುವವರು. ಇಪ್ಪತ್ತು ವರ್ಷಗಳಿಂದ ನಮ್ಮೆಲ್ಲರ ಬಾಯಲ್ಲಿ ಇದೇ ಮಾತು. ತಿಂದದ್ದನ್ನು ಕಡಿಮೆ ಹೇಳುವವರು ಇದ್ದಾರೆ, ನಿಜ. ಆದರೆ ಕೋಣೆಯ ತಪ್ಪಲ್ಲ ಎಂದ ಕೂಡಲೇ ಅವಳದೇ ತಪ್ಪು ಎಂದುಕೊಂಡೆನಲ್ಲ, ಮೂರನೆಯದೊಂದು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಅವತ್ತು ಊಟಕ್ಕೆ ಕೂತಾಗ ಕೇಳಿದೆ. "ಮರಿಯೆಟ್, ನಿಜ ಹೇಳು. ಏನ್ ತಿಂದಿದ್ದೆ?"

"ನೀರು ಬಿಟ್ಟು ಏನೂ ಇಲ್ಲ ಕಣೋ."

"ಅಂಕಿ ಬೇರೆ ಹೇಳುತ್ತೆ."

"ಹಾಗಾದ್ರೆ ಅಂಕೀನೇ ಮದುವೆ ಆಗ್ಬೇಕಿತ್ತು" ಎಂದು ನಕ್ಕಳು. ನಾನೂ ನಕ್ಕೆ.

ಫೆಬ್ರವರಿಯಲ್ಲಿ ಮೂರನೆಯ ಸಲ, ಬೆಳಿಗ್ಗೆ ಒಳಗೆ ಕಳಿಸುವ ಮುಂಚೆ ಅವಳ ಕೈಚೀಲ ತಡಕಿದೆ. ಅವಳೇ ಚೀಲದ ಬಾಯಿ ಅಗಲಿಸಿ ಹಿಡಿದಳು. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಅವಳ ದನಿ ಬಂತು. "ಲ್ಯಾಂಬರ್ಟ್, ಎದೆ ಡವಡವ ಅಂತಿದೆ. ಮೈಯೆಲ್ಲ ಬೆವರು. ಸ್ವಲ್ಪ ಬಾಗಿಲು ತೆಗೀತೀಯಾ?" ನಾನು ಮೈಕಿನಲ್ಲಿ, "ಇನ್ನು ನಲವತ್ತೇ ನಿಮಿಷ, ಅಲ್ಲಾಡಬೇಡ" ಎಂದೆ. ಅವಳು ಅಲ್ಲಾಡಲಿಲ್ಲ. ಅಂಕಿ ಮೂರನೇ ಒಂದು ಪಾಲು ಹೆಚ್ಚಿತ್ತು.

ವಸಂತ ಬರುವಷ್ಟರಲ್ಲಿ ಅವಳ ಬಟ್ಟೆಗಳೆಲ್ಲ ಸಡಿಲವಾದವು. ಎಲ್ಲರಿಗೂ ಖುಷಿ. ಬೇಕರಿಯವಳು, "ಗುಟ್ಟೇನು, ನಮಗೂ ಹೇಳಿ" ಎಂದು ಕೇಳಿದಳಂತೆ. ಮೇ ಕೊನೆಯಲ್ಲಿ ಸೇತುವೆಯ ಮೇಲೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದವಳು ಕುಸಿದು ಬಿದ್ದಳು.

ಎಡ ಮೂತ್ರಪಿಂಡದ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಅದು ಸುರಿಸುವ ರಸ ಹಗಲೂ ರಾತ್ರಿ ಮೈಯನ್ನು ಓಡಿಸಿ ಶಕ್ತಿ ಸುಡಿಸುತ್ತಲೇ ಇತ್ತಂತೆ, ಮಲಗಿದ್ದರೂ ಬಿಡದೆ. ಹೃದಯ ಸೋತಿದೆ, ಆಪರೇಷನ್ ತಡೆದುಕೊಳ್ಳುತ್ತದೋ ಇಲ್ಲವೋ ಹೇಳಲಾಗದು ಎಂದರು. "ಇಷ್ಟು ದಿನ ಯಾರಿಗೂ ಅನುಮಾನ ಬರಲಿಲ್ವಾ?" ಎಂದು ಡಾಕ್ಟರಮ್ಮ ಕೇಳಿದರು. ಮೂರು ತಿಂಗಳ ಅಂಕಿಗಳು ನನ್ನ ಮೇಜಿನಲ್ಲೇ ಇದ್ದವು. ನಾನು ಇಲ್ಲ ಎಂದೆ.

ಭಾನುವಾರದೊಳಗೆ ಬಂದುಬಿಡು. ಅಮ್ಮನ ಮುಂದೆ ಅಳಬೇಡ. ಅವಳು ನಿನ್ನ ಹಾಸಿಗೆಗೆ ಹೊಸ ಹೊದಿಕೆ ಹಾಕಿಸಿದ್ದಾಳೆ. ದಾರಿಯುದ್ದಕ್ಕೂ ದೇವರು ನಿನ್ನ ಜೊತೆಗಿರಲಿ.

ನಿನ್ನ ಅಪ್ಪ,
ಲ್ಯಾಂಬರ್ಟ್

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕೋಣೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಅವರ ದಾಖಲೆಯ ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕೆಂಬುದು ನಮ್ಮ ನಿಯಮ. ಅಮ್ಮನದು ಮಾರ್ಚಿನಲ್ಲಿ ಮನೆಗೆ ಬಂದಿತ್ತು. ಅದರ ಅಡಿಯಲ್ಲಿ ನನ್ನ ಕೈಬರಹವಿತ್ತು: "ಗುಟ್ಟಾಗಿ ತಿನ್ನುತ್ತಾರೆ. ಇವರ ಮಾತು ನಂಬುವಂತಿಲ್ಲ, ಅಂಕಿಗಳನ್ನು ಲೆಕ್ಕದಿಂದ ಬಿಟ್ಟುಬಿಡಿ." ಅವಳು ನನಗೆ ಒಂದು ಮಾತೂ ಹೇಳಲಿಲ್ಲ. ನಿನ್ನೆ ಪಕ್ಕದ ಮನೆಯ ಟೀನಿ ಒಂದು ಬೀಗದ ಕೈ ತಂದುಕೊಟ್ಟಳು. ನಮ್ಮ ಅಡುಗೆಮನೆಯ ತಿಂಡಿ ಕಪಾಟಿನದು. ರಾತ್ರಿ ಅಮ್ಮ ಅದಕ್ಕೆ ಬೀಗ ಹಾಕುತ್ತಿದ್ದಳೆಂಬುದೂ ನನಗೆ ಗೊತ್ತಿರಲಿಲ್ಲ. ಟೀನಿ ಹೇಳಿದಳು: "ಮಾರ್ಚಿಂದ ದಿನಾ ಸಂಜೆ ಬಂದು ಕೊಟ್ಟು ಹೋಗ್ತಿದ್ಲು, ಬೆಳಿಗ್ಗೆ ತಗೊಂಡು ಹೋಗ್ತಿದ್ಲು. ಡಾಕ್ಟರ ಹತ್ರ ಹೋಗು ಅಂದ್ರೆ ನಾಚಿಕೆ ಅಂತಿದ್ಲು. 'ನಿದ್ದೇಲಿ ಎದ್ದು ತಿಂತೀನೇನೋ ಟೀನಿ, ನಂಗೇ ಗೊತ್ತಾಗ್ತಿಲ್ಲ. ಲ್ಯಾಂಬರ್ಟ್ ಸುಮ್ಸುಮ್ನೆ ಹಾಗೆ ಬರೆಯೋನಲ್ಲ' ಅಂದ್ಲು."