ಸೋಮಪ್ಪನನ್ನು ರವಿವಾರದೊಳಗೆ ಬಿಟ್ಟುಬಿಡಿ

ಮಾನ್ಯ ಲೀಗ್ ಕಾರ್ಯದರ್ಶಿಗಳೇ,

ನಮ್ಮ ಗೋಲ್‌ಕೀಪರ್ ಸೋಮಪ್ಪ ತಮ್ಮ ನಿಯಮಾವಳಿಯೊಳಗೆ ಸಿಕ್ಕಿಬಿದ್ದಿದ್ದಾನೆ. ಅವನನ್ನು ಬಿಡಿಸಲು ಹೋದ ನಾವು ಹತ್ತು ಮಂದಿ ಅಭಿಮಾನಿಗಳೂ ಈಗ ಅದರೊಳಗೇ ಇದ್ದೇವೆ. ಬರುವ ರವಿವಾರದೊಳಗೆ ತಾವು ಬಾಗಿಲು ತೆರೆಯದಿದ್ದರೆ, ಮೀಸೆ ಮೂಡುವ ಕಾಲದಿಂದ ಸವದತ್ತಿಯ ಗೋಲು ಕಾಯ್ದ ಮನುಷ್ಯ ಸವದತ್ತಿಯ ದಾರಿಗೇ ಅಡ್ಡ ನಿಲ್ಲಬೇಕಾಗುತ್ತದೆ. ತಮ್ಮ ಕಚೇರಿಗೆ ಹತ್ತಿ ಇಳಿದು ಬಾಯಿಂದ ಹೇಳಿದ್ದಾಯಿತು, ತಾವು ಚಹಾ ಕುಡಿಸಿ ಕಳಿಸಿದ್ದೂ ಆಯಿತು. ಯರಗಟ್ಟಿಯಲ್ಲಿ ಧ್ವನಿವರ್ಧಕ ಬಾಡಿಗೆಗೆ ಕೊಡುವವನು ನಾನು. ಊರಿಗೆಲ್ಲ ಕೇಳುವಂತೆ ಹೇಳುವುದು ನನ್ನ ಕಸುಬು. ಆದ್ದರಿಂದ ಈ ಸಲ ಎಲ್ಲರೆದುರಿಗೇ ಹೇಳುತ್ತಿದ್ದೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ತಾಲೂಕುಗಳ ತಂಡಗಳು ಪ್ರತಿವರ್ಷ ಆಡುವ ಫುಟ್‌ಬಾಲ್ ಲೀಗಿಗೆ ತಾವು ಕಾರ್ಯದರ್ಶಿಗಳು. ಯರಗಟ್ಟಿಯವರಾದ ನಾವು ಸವದತ್ತಿ ತಂಡದವರು. ಯಾಕೆ ಎಂದು ಕೇಳಬೇಡಿ, ಅಪ್ಪಂದಿರು ಆಗಿದ್ದರು, ನಾವೂ ಆದೆವು. ಆಟ ನಡೆಯುವ ತಿಂಗಳುಗಳಲ್ಲಿ ಆಟಗಾರರು ಬೆವರುತ್ತಾರೆ, ಆಟ ಇಲ್ಲದ ತಿಂಗಳುಗಳಲ್ಲಿ ನಾವು ಬೆವರುತ್ತೇವೆ. ಬಸ್ ಸ್ಟ್ಯಾಂಡಿನ ಎದುರಿಗಿನ ಇಂದ್ರವ್ವನ ಚಹಾದ ಅಂಗಡಿಯಲ್ಲಿ ಕುಳಿತು ಯಾವ ಫಾರ್ವರ್ಡನ್ನು ತೆಗೆಯಬೇಕು, ಯಾರನ್ನು ಕಿತ್ತೂರಿನಿಂದ ತರಬೇಕು, ಕೋಚ್ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸುವವರು ನಾವೇ. ಅಲ್ಲಿ ದಿನಕ್ಕೊಂದು ತಂಡ ಕಟ್ಟಿ ಸಂಜೆಗೆ ಕೆಡವುತ್ತೇವೆ. ಕಾಳಿನ ವ್ಯಾಪಾರದ ಮಡಿವಾಳೆಪ್ಪನಂತೂ ಗಿರಾಕಿಯನ್ನು ತಕ್ಕಡಿಯ ಮುಂದೆ ನಿಲ್ಲಿಸಿ ಬಂದು ವಾದ ಮಾಡುತ್ತಾನೆ.

"ಫಾರ್ವರ್ಡ್ ಏನ್ ಆಟ ಆಡತಾನ್ರಿ ಅಂವ? ತಲಿಗೆ ಬಾಲ್ ಬಂದ್ರ ಕಣ್ ಮುಚ್ಚತಾನ. ಮೊದಲ ಅಂವನ್ನ ಬದಲ್ ಮಾಡ್ರಿ!"

"ನಿನ್ನ ತಕ್ಕಡಿ ಮುಂದ ನಿಂತ ಗಿರಾಕಿನೂ ಬದಲ್ ಆಗಾಕತ್ತಾನ, ಹೋಗಪ್ಪ ಮೊದಲ," ಎಂದು ಇಂದ್ರವ್ವ ಗದರುತ್ತಾಳೆ.

ಇಷ್ಟೆಲ್ಲ ಜಗಳದಲ್ಲಿ ಯಾರೂ ಬದಲಿಸಿ ಎನ್ನದೇ ಇದ್ದ ಒಂದೇ ಹೆಸರು ಸೋಮಪ್ಪನದು. ಅಂಗಡಿಗಳ ಬೋರ್ಡು ಬರೆಯುವ, ಗೋಡೆಗೆ ಬಣ್ಣ ಹಚ್ಚುವ ಸೋಮಪ್ಪ. ಅವನ ಕೈಗವಸಿನ ಮೇಲೆ ಯಾವಾಗಲೂ ಒಂದಿಷ್ಟು ಹಳದಿಯೋ ನೀಲಿಯೋ ಮೆತ್ತಿಕೊಂಡಿರುತ್ತದೆ. ಸವದತ್ತಿ ಫೈನಲ್ ತಲುಪಿದಾಗಲೆಲ್ಲ ಗೋಲಿನಲ್ಲಿ ನಿಂತವನು ಅವನು. ಸೋತಾಗಲೆಲ್ಲ ಮೈದಾನದಿಂದ ಕೊನೆಗೆ ಹೊರಬಂದವನೂ ಅವನೇ. ಕಪ್ ಮಾತ್ರ ಇನ್ನೂ ಒಮ್ಮೆಯೂ ಕೈಗೆ ಬಂದಿಲ್ಲ. ಈಗ ಮೊಣಕಾಲು ಮಾತು ಕೇಳುತ್ತಿಲ್ಲ. ಕಳೆದ ವರ್ಷ ರಾಮದುರ್ಗದ ಎದುರು ಫೈನಲ್ ಸೋತು ಬಂದ ಮೇಲೆ ಹೆಂಡತಿ ಯಶೋಧಾಳ ಎದುರಿಗೇ ನಮಗೆ ಹೇಳಿದ್ದ: "ಇನ್ನೊಂದ ಸೀಜನ್ ಆಡತೇನ್ರಿ. ಕಪ್ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಆಮ್ಯಾಲೆ ಕೈಗವಸ ಗೂಟಕ್ಕ." ಆ ಇನ್ನೊಂದು ಸೀಜನ್ನೇ ಇದು, ಮಾನ್ಯರೇ. ತಾವು ಅದರ ಮೇಲೆ ಕುಳಿತಿದ್ದೀರಿ.

ಆದದ್ದೇನು? ಸವದತ್ತಿ ತಾಲೂಕಿನಲ್ಲಿದ್ದ ಯರಗಟ್ಟಿ ಒಡೆದು ಬೇರೆ ತಾಲೂಕಾಯಿತು. ನಾವು ಬಯಸಿ ಪಡೆದ ಭಾಗ್ಯ, ಅಲ್ಲಗಳೆಯುವುದಿಲ್ಲ. ಪಟಾಕಿ ಹೊಡೆದೆವು, ನಾನು ಬಾಡಿಗೆ ಇಲ್ಲದೆ ಮೈಕು ಹಚ್ಚಿದೆ. ಹೊಸ ತಾಲೂಕಿನ ಹೆಸರಿನ ಬೋರ್ಡುಗಳನ್ನು ನಮ್ಮ ಸೋಮಪ್ಪನೇ ಏಣಿ ಹತ್ತಿ, ಅಕ್ಷರಕ್ಕೆ ನೆರಳು ಕೊಟ್ಟು, ಚೆಂದ ಮಾಡಿ ಬರೆದ. ಆಮೇಲೆ ವರ್ಷಗಳ ಕಾಲ ತಮ್ಮ ಲೀಗಿಗೆ ಈ ಸುದ್ದಿ ಮುಟ್ಟಿರಲೇ ಇಲ್ಲ. ಈ ವರ್ಷ, ಆಟ ಇಲ್ಲದ ತಿಂಗಳುಗಳಲ್ಲಿ, ತಮಗೆ ಒಮ್ಮಿಂದೊಮ್ಮೆಲೆ ಭೂಗೋಳದ ಜ್ಞಾನೋದಯವಾಗಿ ಆದೇಶ ಹೊರಬಿತ್ತು: ಆಟಗಾರನು ತಾನು ವಾಸಿಸುವ ತಾಲೂಕಿನ ತಂಡಕ್ಕೇ ಆಡತಕ್ಕದ್ದು, ಬೇರೆ ತಂಡಕ್ಕೆ ಆಡಬೇಕಾದರೆ ಸ್ವಂತ ತಾಲೂಕಿನ ತಂಡ ಅವನನ್ನು ಬಿಡುಗಡೆ ಮಾಡತಕ್ಕದ್ದು. ಸೋಮಪ್ಪ ಯರಗಟ್ಟಿಯವನು. ಯರಗಟ್ಟಿಗೆ ತಂಡವಿಲ್ಲ. ಇಲ್ಲದ ತಂಡದ ಕಾರ್ಯದರ್ಶಿಯ ಹತ್ತಿರ ಸೋಮಪ್ಪ ಬಿಡುಗಡೆ ಕೇಳಬೇಕು. ಅವರ ಮನೆ ಯಾವ ಓಣಿಯಲ್ಲಿದೆ ಎಂದಾದರೂ ತಾವು ಆದೇಶದಲ್ಲಿ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಅದೇ ಆದೇಶದಲ್ಲಿ ಸವದತ್ತಿಯ ಕೋಚ್ ಗುರುನಾಥ ಸರ್ ಅವರನ್ನು ಯರಗಟ್ಟಿ ತಂಡಕ್ಕೆ ವರ್ಗ ಮಾಡಿದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ತಂಡ ಹುಟ್ಟುವ ಮುಂಚೆ ಕೋಚ್ ಬಂದರು. ಆ ಮನುಷ್ಯ ಸೀಟಿ ಕೊರಳಿಗೆ ಹಾಕಿಕೊಂಡು ಬಸ್ಸಿನಿಂದ ಇಳಿದು, ಇಂದ್ರವ್ವನ ಅಂಗಡಿಗೆ ಬಂದು, "ತಂಡ ಎಲ್ಲೈತ್ರಿ?" ಎಂದು ಕೇಳಿದಾಗ ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂದ್ರವ್ವ ಚಹಾ ಕೊಟ್ಟು, "ಕುಂತ್ರಿ ಸರ್. ತಂಡ ಬರೂತನಕ ಇದರ ಮ್ಯಾಲೆ ಇರ್ರಿ," ಎಂದಳು.

ಆಗ ನಾನು ತಮ್ಮ ಕಚೇರಿಗೆ ಬಂದೆ. ನೆನಪಿರಬೇಕು. ತಾವು ನಗುನಗುತ್ತಲೇ ದಾರಿ ತೋರಿಸಿದಿರಿ. "ಒಂದು ತಂಡ ಮಾಡ್ರಿ ವಿರೂಪಾಕ್ಷಪ್ಪ. ಹನ್ನೊಂದು ಮಂದಿ ಹೆಸರು ಬರಸ್ರಿ. ಒಂದು ಮ್ಯಾಚ್ ಆಡ್ರಿ, ತಂಡ ಐತಿ ಅಂತ ಸಿದ್ಧ ಆಗತೈತಿ. ಆಮ್ಯಾಲೆ ಸೋಮಪ್ಪನ್ನ ಬಿಡ್ರಿ. ಅಷ್ಟ." ಅಷ್ಟೇ ಎಂದಿರಿ. ಆ 'ಅಷ್ಟ' ಎಂಬ ಮಾತನ್ನು ನಾನು ಬಸ್ಸಿನಲ್ಲಿ ಪ್ರಸಾದದಂತೆ ಕೈಯಲ್ಲಿ ಹಿಡಿದು ಊರಿಗೆ ತಂದೆ.

ಊರಿನಲ್ಲಿ ಕಾಲ್ಚೆಂಡು ಒದೆಯಬಲ್ಲ ಹುಡುಗರೆಲ್ಲ ಹೊಲ, ಕಾರ್ಖಾನೆ, ಕಾಲೇಜು ಎಂದು ಚೆದುರಿದ್ದರು. ಉಳಿದವರು ನಾವು, ಅಂದರೆ ಬಾಯಿಂದ ಆಡುವವರು. ಹೀಗಾಗಿ ಚಹಾದಂಗಡಿಯ ಬೆಂಚೇ ಎದ್ದು ತಂಡವಾಯಿತು. ಮಡಿವಾಳೆಪ್ಪ ಸೆಂಟರ್‌ಬ್ಯಾಕ್. ಐವತ್ತು ದಾಟಿದ ನಾನು, ಮೈಕಿನ ಹಿಂದೆ ಹೊರತು ಎಲ್ಲಿಯೂ ಓಡದವನು, ಎಡಬದಿಯ ಡಿಫೆಂಡರ್. ಗುರುನಾಥ ಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೊಟ್ಟೆಯನ್ನೂ ನೋಡುತ್ತ ಹೋದರು. ಆಮೇಲೆ, "ಓಡಬ್ಯಾಡ್ರಿ. ನಿಂತಲ್ಲೆ ನಿಲ್ಲರಿ. ಅವರಿಗೆ ಅಡ್ಡ ಆಗತೀರಿ, ಅದ ಸಾಕು," ಎಂದರು. ಗೋಲಿನಲ್ಲಿ ನಿಲ್ಲಲು ನಮ್ಮಲ್ಲಿ ಯಾರಿಗೂ ಎದೆಯಿರಲಿಲ್ಲ. ಹೆಸರು ಬರೆಸಿದ ಹನ್ನೊಂದನೆಯವನು ಸೋಮಪ್ಪನೇ ಆಗಿದ್ದ. ಒಂದೇ ಮ್ಯಾಚಲ್ಲವೇ ಎಂದು ಅವನೂ ಒಪ್ಪಿದ.

ತಾವು ಹಾಕಿದ ಮೊದಲ ಪಂದ್ಯ ಯಾರ ಮೇಲೆ? ಸವದತ್ತಿಯ ಮೇಲೆ, ಸವದತ್ತಿಯ ಮೈದಾನದಲ್ಲಿ. ತಾವು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಿರಿ. ಸೋಮಪ್ಪ ಬಣ್ಣ ಮೆತ್ತಿದ ಕೈಗವಸು ಹಾಕಿಕೊಂಡು, ತನ್ನದೇ ಹಳೆಯ ಗೋಲಿಗೆ ತಮ್ಮೆದುರಿನಿಂದಲೇ ನಡೆದು ಹೋದ. ಆಗ ಒಂದು ಮಾತು ಹೇಳಬಹುದಿತ್ತಲ್ಲ? "ಅವನನ್ನು ಆಡಿಸಬೇಡಿ" ಎಂದು ಬಾಯಿ ಬಿಟ್ಟಿದ್ದರೆ ನಿಯಮಾವಳಿಯ ಯಾವ ಕಲಮು ನೋಯುತ್ತಿತ್ತು? ತಾವು ಕೈ ಬೀಸಿದಿರಿ. ಅವನೂ ಕೈ ಬೀಸಿದ.

ಆ ಆಟದ ಬಗ್ಗೆ ಹೆಚ್ಚು ಹೇಳಲಾರೆ. ಸೋಮಪ್ಪ ಅವತ್ತು ಹಾರಿದಷ್ಟು ಯಾವ ಫೈನಲ್ಲಿನಲ್ಲೂ ಹಾರಿರಲಿಲ್ಲ. ಅವನು ಬಾಲ್ ಹಿಡಿದಾಗಲೆಲ್ಲ ಸವದತ್ತಿಯ ಜನ ತಮ್ಮ ತಂಡವನ್ನು ಮರೆತು ಚಪ್ಪಾಳೆ ತಟ್ಟಿದರು. ಆದರೆ ಒಂದು ಗಳಿಗೆ ನನ್ನ ಎದೆಯಿಂದ ಹೋಗುತ್ತಿಲ್ಲ. ನಾವು ವರ್ಷವಿಡೀ ಬೈದಿದ್ದ ಅದೇ ಫಾರ್ವರ್ಡ್ ಬಾಲ್ ತೆಗೆದುಕೊಂಡು ನನ್ನನ್ನು ದಾಟಿ ಹೋದ. ನನ್ನ ಗಂಟಲಿಗೆ ಅಭ್ಯಾಸವಾದದ್ದು ಒಂದೇ ಮಾತು. ಕೂಗಿಬಿಟ್ಟೆ: "ಹೊಡೀ ತಮ್ಮಾ, ಹೊಡೀ!" ಅವನು ಹೊಡೆದ. ಗೋಲಾಯಿತು. ಸೆಂಟರ್‌ಬ್ಯಾಕ್ ಮಡಿವಾಳೆಪ್ಪ ಎರಡೂ ಕೈ ಮೇಲೆತ್ತಿ ಕುಣಿದ. ಉಳಿದವರೂ ಚಪ್ಪಾಳೆ ತಟ್ಟಿದರು. ನಮ್ಮ ಹತ್ತು ಜನರಲ್ಲಿ ಒಬ್ಬನಿಗೂ ಆ ಗೋಲು ನಮ್ಮ ಮೇಲೇ ಆಗಿದೆ ಎಂದು ಹೊಳೆಯಲಿಲ್ಲ.

ಸೋಮಪ್ಪ ಬಲೆಯೊಳಗಿನಿಂದ ಬಾಲ್ ತೆಗೆದುಕೊಂಡು ಬಂದ. ಸಿಟ್ಟು ಮಾಡಲಿಲ್ಲ. "ಯಾರ ಕಡೆ ಅದೀರಿ ನೀವು?" ಎಂದು ಕೇಳಿದ, ಅಷ್ಟೇ. ಮಡಿವಾಳೆಪ್ಪ ಮೇಲೆತ್ತಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದ.

ಸೋತೆವು. ಎಷ್ಟು ಗೋಲಿನಿಂದ ಎಂದು ಅವತ್ತು ನೋಡಲು ಬಂದಿದ್ದ ಬೈಲಹೊಂಗಲದವರನ್ನು ಕೇಳಿ, ಅವರು ಸಂತೋಷದಿಂದ ಹೇಳುತ್ತಾರೆ. ಮರುದಿನ ಬೆಳಿಗ್ಗೆಯೇ ತಂಡದ ಪರವಾಗಿ ಸೋಮಪ್ಪನ ಬಿಡುಗಡೆಗೆ ಸಹಿ ಮಾಡಿ ತಮ್ಮ ಮೇಜಿನ ಮೇಲಿಟ್ಟೆ. ತಾವು ಕನ್ನಡಕ ಹಾಕಿಕೊಂಡು ಓದಿ, ಬಹಳ ಮರುಕದಿಂದ ಹೇಳಿದಿರಿ: "ಒಂದ ಸೀಜನ್‌ದಾಗ ಎರಡ ತಂಡಕ್ಕ ಆಡಾಕ ಬರೂದಿಲ್ಲಲ್ರಿ. ಈಗ ಅಂವ ಯರಗಟ್ಟಿಗೆ ಆಡಿಬಿಟ್ಟಾನ."

ಹಾಗಾದರೆ ಈ ತಂಡವನ್ನೇ ಮುಚ್ಚಿಬಿಡುತ್ತೇವೆ ಎಂದೆ. ನಡುವೆ ಬಿಟ್ಟುಹೋದ ತಂಡದ ಆಟಗಾರರನ್ನೆಲ್ಲ ಎರಡು ವರ್ಷ ನಿಷೇಧಿಸಲಾಗುವುದು ಎಂದಿರಿ, ಸೋಮಪ್ಪನನ್ನೂ ಸೇರಿಸಿ. ಈ ನಿಯಮ ಮಾಡಿದವರು ಯಾರು ಎಂದೆ.

"ಸಮಿತಿರಿ. ನನ್ನ ಕೈಯಾಗ ಏನೈತಿ?"

"ಸಮಿತಿ ಯಾವಾಗ ಸೇರತೈತ್ರಿ?"

"ಸೀಜನ್ ಮುಗದ ಮ್ಯಾಲೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ತಮ್ಮಲ್ಲಿ ಪೂಜಾರಿ ಸಿಗುತ್ತಾನೆ, ದೇವರೇ ಸೀಜನ್ ಮುಗಿದ ಮೇಲೆ ಸಿಗುತ್ತಾನೆ. ನವಿಲುತೀರ್ಥದ ಅಣೆಕಟ್ಟಿನಲ್ಲಿ ಅಷ್ಟೊಂದು ನೀರು ಹಿಡಿದ ಗೇಟುಗಳೂ ಹೊತ್ತು ಬಂದಾಗ ಮೇಲೇಳುತ್ತವೆ. ತಮ್ಮ ಒಂದು ಕಲಮು ಏಳುವುದಿಲ್ಲವೇ?

ಅಂದಿನಿಂದ ಆಡುತ್ತಿದ್ದೇವೆ, ಮಾನ್ಯರೇ. ಬಿಡುವ ಹಾಗಿಲ್ಲ, ಗೆಲ್ಲುವ ಹಾಗಂತೂ ಇಲ್ಲ. ಕಿತ್ತೂರಿನಲ್ಲಿ ಸೋತೆವು, ರಾಮದುರ್ಗದಲ್ಲಿ ನನ್ನ ಹಿಮ್ಮಡಿ ಹೋಯಿತು, ಬೈಲಹೊಂಗಲದಲ್ಲಿ ಮಡಿವಾಳೆಪ್ಪ ಮೈದಾನದಲ್ಲೇ ಕುಳಿತುಬಿಟ್ಟ. ಇಂದ್ರವ್ವನ ಅಂಗಡಿಯಲ್ಲಿ ಈಗ ವಾದವಿಲ್ಲ. ಯಾರನ್ನು ಬದಲಿಸಬೇಕೆಂದು ಬೈಯೋಣವೆಂದರೆ ಬೈಸಿಕೊಳ್ಳುವವರೂ ನಾವೇ. ನಿಜ ಹೇಳಬೇಕೆಂದರೆ ನನಗೆ ಬಹಳ ಸಂಕಟವಾಗಿದೆ. ಸಾಯಂಕಾಲ ತಾಲೀಮಿಗೆ ಸೋಮಪ್ಪ ಬಣ್ಣದ ಡಬ್ಬಿ ಬದಿಗಿಟ್ಟು ನಮಗಿಂತ ಮೊದಲೇ ಬಂದಿರುತ್ತಾನೆ. ಅವನ ಮುಖ ನೋಡಲು ನನಗೆ ಆಗುವುದಿಲ್ಲ.

ಈಗ ರವಿವಾರದ ವಿಷಯ. ಲೀಗಿನ ಕೊನೆಯ ಪಂದ್ಯ, ಸವದತ್ತಿಯ ಮೇಲೆ ಯರಗಟ್ಟಿ. ಗೆದ್ದರೆ ಸವದತ್ತಿ ಫೈನಲ್ಲಿಗೆ, ಡ್ರಾ ಆದರೂ ಮನೆಗೆ. ಅವರ ಹೊಸ ಗೋಲ್‌ಕೀಪರನ ಕೈ ಇನ್ನೂ ಹಸಿ, ಮುಂದೆ ಆಡುವವರು ಸುಸ್ತಾಗಿದ್ದಾರೆ. ಎದುರಿಗೆ ನಿಲ್ಲುವವನು ಸೋಮಪ್ಪ. ನಾನು ತಡೆಯಲಾರದೆ ನಿನ್ನೆ ಕೇಳಿಯೇಬಿಟ್ಟೆ: "ಸೋಮಣ್ಣ, ರವಿವಾರ ಏನ್ ಮಾಡ್ತಿ?"

ಅವನು ಕೈಗವಸಿನ ಬಣ್ಣ ಉಗುರಿನಿಂದ ಕೆರೆಯುತ್ತ ಕುಳಿತಿದ್ದ. "ಬಿಡಬೇಕಂತ ಮನಸು ಹೇಳತೈತ್ರಿ. ಆದರ ಬಾಲ್ ಬಂದ್ರ ಕೈ ತಾನ ಹೋಗತೈತಿ. ಅದಕ್ಕ ಯಾ ತಾಲೂಕ ಅಂತ ನಾ ಹೆಂಗ ಹೇಳ್ಲಿ?" ಎಂದ. ಕೈಗವಸನ್ನು ಬದಿಗಿಟ್ಟು, "ನೀವ್ ಒಂದ ಉಪಕಾರ ಮಾಡ್ರಿ. ನಾ ಹಿಡದಾಗ ಸುಮ್ನಿರ್ರಿ, ನಾ ಬಿಟ್ಟಾಗೂ ಸುಮ್ನಿರ್ರಿ," ಎಂದ.

ಊರಿಗೆಲ್ಲ ಕೂಗಿ ಹೇಳುವ ನನಗೆ ಅವನು ಕೇಳಿದ್ದು ಅದೊಂದನ್ನೇ. ಮಾತು ಕೊಟ್ಟಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ರವಿವಾರ ಸೀಟಿ ಊದುವ ಮುಂಚೆ ಸಮಿತಿಯನ್ನು ಸೇರಿಸಿ. ಕುರ್ಚಿ ಕಡಿಮೆ ಬಿದ್ದರೆ ಇಂದ್ರವ್ವನ ಬೆಂಚು ಖಾಲಿಯೇ ಇದೆ. ಸೋಮಪ್ಪನನ್ನು ಸವದತ್ತಿಯ ಗೋಲಿಗೆ ಮರಳಿಸಿ. ಅದಕ್ಕೆ ಶಿಕ್ಷೆ ಬೇಕೇ ಬೇಕೆಂದರೆ ನಮ್ಮ ಹತ್ತು ಜನರನ್ನು ಎರಡು ವರ್ಷವಲ್ಲ, ಆಯುಷ್ಯಪೂರ್ತಿ ನಿಷೇಧಿಸಿ, ಲೀಗಿಗೆ ಅದರಿಂದ ಲಾಭವೇ ಆಗುತ್ತದೆ. ಸಮಿತಿ ಸೇರದಿದ್ದರೆ, ಮಾನ್ಯರೇ, ದಯವಿಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಬೇಡಿ. ಸೋಮಪ್ಪನ ಗೋಲಿನ ಹಿಂದೆ ಬಂದು ನಿಲ್ಲಿ. ಸವದತ್ತಿಯ ಬಾಲ್ ಬಂದಾಗ ಅವನ ಕೈ ಏನು ಮಾಡುತ್ತದೆ ಎಂಬುದನ್ನು ತಾವು ಹತ್ತಿರದಿಂದ ನೋಡಬೇಕು.

ಇಂತಿ,
ಬಾಯಿ ಮುಚ್ಚಿಕೊಂಡಿರುವೆನೆಂದು ಮಾತು ಕೊಟ್ಟ,
ಧ್ವನಿವರ್ಧಕದ ವಿರೂಪಾಕ್ಷ,
ಯರಗಟ್ಟಿ ತಂಡದ ಎಡಬದಿಯ ಡಿಫೆಂಡರ್,
ಸವದತ್ತಿ ತಂಡದ ಅಭಿಮಾನಿ