ಚಳಿಗಾಲದ ಏಸಿ ನೀರು

ಅಮ್ಮಾ,

ನೀನು ಹೋದ ಮೇಲೆ ಬರೆದ ಈ ಕಾಗದ ನಿನಗೆ ಮುಟ್ಟುವುದಿಲ್ಲ. ಆದರೂ ಮನೆಯ ಸುದ್ದಿ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ನಮ್ಮೂರು ತೈನಾನಿನಲ್ಲಿ ಬಸ್ಸಿಳಿದು ಮನೆಗೆ ಬಂದರೆ, ಕೆಳಮನೆಯ ಶ್ಯೂ ಅತ್ತೆ ಮೆಟ್ಟಿಲ ಹತ್ತಿರವೇ ತಡೆದರು.

"ಪೇಶಾನ್, ಈ ಚಳೀಲಿ ನಿಮ್ಮಪ್ಪ ಏಸಿ ಹಾಕ್ಕೊಂಡು ಕೂತಿದಾರೆ ಕಣೇ. ತಲೆಗಿಲೆ ಕೆಟ್ಟಿದೆಯಾ ನೋಡು."

ಮೇಲೆ ಹೋದರೆ ನಿಜವೇ. ಅಪ್ಪ ದಪ್ಪ ಕೋಟು, ಉಣ್ಣೆ ಟೋಪಿ ಹಾಕಿಕೊಂಡು ಟೀ ಕುಡಿಯುತ್ತಿದ್ದ.

"ಏನಪ್ಪಾ ಇದು?"

"ನಿಮ್ಮಮ್ಮನ ನೊಣ ಹಿಡಿಯೋ ಗಿಡಕ್ಕೆ ನೀರು. ಮಳೆ ಎಲ್ಲಿದೆ ಈಗ?"

"ನಲ್ಲಿ ನೀರು ಹಾಕಿದ್ರಾಗ್ತಿತ್ತು."

"ಹಾಕ್ದೆ. ಒಂದು ಕುಂಡದ ಗಿಡ ಕಪ್ಪಾಯ್ತು. ಅಕ್ಕಿ ತೊಳೆದ ನೀರು ಹಾಕ್ದೆ, ಇನ್ನೊಂದು ಕೊಳೀತು. ಆಮೇಲೆ ನೆನಪಾಯ್ತು, ನಲ್ಲಿ ನೀರಿನ ಉಪ್ಪು ಅದಕ್ಕೆ ಆಗಲ್ಲ ಅಂತ ಅವಳು ಏಸಿಯಿಂದ ತೊಟ್ಟಿಕ್ಕೋ ನೀರನ್ನೇ ಹಾಕ್ತಿದ್ಲು."

ಮನಿಪ್ಲಾಂಟು ಚೆನ್ನಾಗಿದೆ. ಅದಕ್ಕೆ ಯಾರು ಏನು ಹಾಕಿದರೂ ನಡೆಯುತ್ತೆ. ನೊಣ ಹಿಡಿಯುವ ಗಿಡ ಒಂದೇ ಉಳಿದಿದೆ, ಬಾಯಿ ಮುಚ್ಚಿಕೊಂಡು.

ಬಾಲ್ಕನಿಯಲ್ಲಿ ನಿನ್ನ ನೀಲಿ ಬಕೆಟ್ಟಿಗೆ ಹನಿ ಬೀಳುತ್ತಿತ್ತು. ಬೇಸಿಗೆಯಲ್ಲಿ ನೀನು ಅದನ್ನು ಶ್ಯೂ ಅತ್ತೆಯ ಏಸಿ ಕೆಳಗಿಟ್ಟು, ತುಂಬಿದ ಮೇಲೆ ಮೇಲಕ್ಕೆ ಹೊತ್ತು ತರುತ್ತಿದ್ದೆ. ನಮ್ಮ ಏಸಿಯ ರಿಮೋಟು ಅಪ್ಪನ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಫ್ಯಾನ್ ಇದೆಯಲ್ಲ, ಸಾಲದಾ ಅನ್ನುತ್ತಿದ್ದ. ನೀನು ಟವೆಲಿನಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದೆ.

ನಾನು ಆಫ್ ಮಾಡು ಅನ್ನಲಿಲ್ಲ. ಸ್ವೆಟರ್ ಹಾಕಿಕೊಂಡು ಅಪ್ಪನ ಪಕ್ಕ ಕೂತೆ.

ರಿಮೋಟು ನಿನ್ನ ಕುರ್ಚಿಯ ಮೇಲಿತ್ತು.